ಹಿತ್ತಲಲ್ಲಿ ನಿಂತ ಟ್ರ್ಯಾಕ್ಟರಿಗೆ ಇನ್ನೂ ಆಯುಷ್ಯವಿದೆ

ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಕಟ್ಟಿದ ಅಣೆಕಟ್ಟು, ಅಂದರೆ ಇಂದಿನ ರಾಜಾ ಲಖಮಗೌಡ ಜಲಾಶಯ, 1977ರಲ್ಲಿ ಪೂರ್ಣಗೊಂಡಿತು. 51 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ ಬರುವುದಕ್ಕೂ ಮುಂಚೆ, 1897ರಿಂದಲೇ ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆಗೆ ನೀರು ಹರಿಯುತ್ತಿತ್ತು. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಜೋಳದ ಹೊಲಗಳು ಕಬ್ಬಿನ ಪಡಗಳಾದ ಕಥೆಯ ಹಿಂದೆ ಈ ಎರಡು ಕಟ್ಟೆಗಳಿವೆ. ನೀರು ಬಂತು, ಕಬ್ಬು ಬಂತು, ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಗೋಕಾಕ ಭಾಗದಲ್ಲಿ ಘಟಪ್ರಭಾ ಹೀಗೆ ಸಕ್ಕರೆ ಕಾರ್ಖಾನೆಗಳು ಬಂದವು. ಅವುಗಳಿಗೆ ಕಬ್ಬು ಹೊರಲು ಚಕ್ಕಡಿಗಳ ಜಾಗಕ್ಕೆ ಟ್ರ್ಯಾಕ್ಟರುಗಳು ಬಂದವು. ಈ ಸೀಮೆಯಲ್ಲಿ ಎರೆಹೊಲದ ಕೆಸರಿಗೂ, ಮಸಾರಿ ದಿಬ್ಬಕ್ಕೂ, ಕಾಲುವೆ ಏರಿಗೂ, ಹೆದ್ದಾರಿಗೂ ಇಳಿಯುವ ಗಾಡಿ ಎಂದರೆ ಟ್ರ್ಯಾಕ್ಟರೇ. ಹೀಗೆ ದುಡಿದು ದುಡಿದು ಒಂದು ದಿನ ನಿಂತ ಹಳೆಯ ಟ್ರ್ಯಾಕ್ಟರುಗಳು ಇಲ್ಲಿನ ಹಿತ್ತಲುಗಳಲ್ಲಿ, ಬಣವೆಯ ಬದಿಯಲ್ಲಿ, ಬೇವಿನ ಮರದ ಕೆಳಗೆ ಕಾಣಸಿಗುತ್ತವೆ. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ, ಮನೆಯವರು ಕೊಟ್ಟುಬಿಡುತ್ತಾರೆ. ಆದರೆ ಟ್ರ್ಯಾಕ್ಟರ್ ನಿಂತದ್ದು ಕ್ಲಚ್ಚಿನ ಕಾರಣಕ್ಕಾದರೆ ಅದನ್ನು ಗುಜರಿಗೆ ಕೊಡುವುದು ದೊಡ್ಡ ನಷ್ಟ. ಕ್ಲಚ್ ಸವೆಯಲೆಂದೇ ಮಾಡಿದ ಭಾಗ. ಅದು ಸವೆದರೆ ಯಂತ್ರ ಸತ್ತಿತೆಂದು ತೀರ್ಮಾನಿಸಬೇಕಾಗಿಲ್ಲ. ಅದು ಏಕೆ ಕೆಟ್ಟಿತೆಂದು ತಿಳಿದು, ಒಮ್ಮೆ ಪೂರಾ ಕೆಲಸ ಮಾಡಿಸಿದರೆ, ಅದೇ ಟ್ರ್ಯಾಕ್ಟರ್ ಹಗುರ ಕೆಲಸಕ್ಕೆ ಇನ್ನೂ ಬಹಳ ವರ್ಷ ಒದಗುತ್ತದೆ.

ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಊರಿನಲ್ಲಿ ಸಿಗುವ ಉತ್ತರ ಒಂದೇ: ಎರಡು ಟ್ರೇಲರ್ ಕಬ್ಬು ಎಳೆದು ಎಳೆದು ಕ್ಲಚ್ ಸುಟ್ಟಿತು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಎಂಜಿನ್ನಿನ ಹಿಂಬದಿಯ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ, ಎರಡೂ ಬದಿಗೆ ಲೈನಿಂಗ್ ಹೊಡೆದ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಸ್ಪ್ರಿಂಗುಗಳು ಅದನ್ನು ಬಿಗಿಯಾಗಿ ಒತ್ತಿ ಹಿಡಿದಾಗ ಮೂರೂ ಒಂದೇ ತುಂಡಿನಂತೆ ತಿರುಗುತ್ತವೆ. ಆಗ ಉಜ್ಜಾಟವೇ ಇಲ್ಲ. ಉಜ್ಜಾಟ ಇಲ್ಲದಲ್ಲಿ ಶಾಖವೂ ಇಲ್ಲ, ಸವೆತವೂ ಇಲ್ಲ. ತಯಾರಕರು ಕ್ಲಚ್ಚಿನ ಹಿಡಿತವನ್ನು ಎಂಜಿನ್ನಿನ ಪೂರ್ಣ ಬಲಕ್ಕಿಂತ ಹೆಚ್ಚೇ ಇಟ್ಟಿರುತ್ತಾರೆ. ಆದ್ದರಿಂದ ಕ್ಲಚ್ ಪೂರ್ತಿ ಹಿಡಿದಿರುವಾಗ ಭಾರ ಮಿತಿಮೀರಿದರೆ ಎಂಜಿನ್ ಬಂದ್ ಬೀಳುತ್ತದೆ, ಇಲ್ಲವೇ ಹಿಂದಿನ ಗಾಲಿ ಜಾರುತ್ತದೆ, ಇಲ್ಲವೇ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಸರಿಯಾದ ಕ್ಲಚ್ ಮಾತ್ರ ಸುಡುವುದಿಲ್ಲ. ಸುಡುವುದು ಪ್ಲೇಟ್ ಜಾರುವಾಗ. ಅಂದರೆ ಪೆಡಲ್ ಅರ್ಧ ಬಿಟ್ಟು ಅರ್ಧ ಒತ್ತಿರುವ ಹೊತ್ತಿನಲ್ಲಿ, ಸ್ಪ್ರಿಂಗು ಬಲ ಕಳೆದುಕೊಂಡಾಗ, ಲೈನಿಂಗಿಗೆ ಎಣ್ಣೆ ತಾಗಿದಾಗ, ಅಥವಾ ಪೆಡಲಿನ ಮೇಲೆ ಚಾಲಕನ ಕಾಲು ಸದಾ ಊರಿರುವಾಗ. ಭಾರ ಆ ಜಾರಿಕೆಯ ಹೊತ್ತನ್ನು ಉದ್ದ ಮಾಡುತ್ತದೆ, ಅಷ್ಟೇ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟ. ಟ್ರ್ಯಾಕ್ಟರ್, ಎರಡು ಟ್ರೇಲರ್, ಕಬ್ಬು ಎಲ್ಲ ಸೇರಿ 25 ಟನ್ ಎಂದು ಇಟ್ಟುಕೊಳ್ಳೋಣ. ನಿಂತ ಗಾಡಿಯನ್ನು ಗಂಟೆಗೆ 3.6 ಕಿಲೋಮೀಟರ್ ವೇಗದ ಗೇರಿನಲ್ಲಿ ಎತ್ತಿದರೆ ಅದು ಪಡೆಯುವ ಚಲನಶಕ್ತಿ 12.5 ಕಿಲೋಜೂಲ್. ಗಂಟೆಗೆ 7.2 ಕಿಲೋಮೀಟರ್ ವೇಗದ ಗೇರಿನಲ್ಲಿ ಎತ್ತಿದರೆ 50 ಕಿಲೋಜೂಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ನಿಂತ ಗಾಡಿಯನ್ನು ಎತ್ತುವಾಗ ಕನಿಷ್ಠ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಏರು ಇದ್ದರೆ, ಕೆಸರಿದ್ದರೆ ಇನ್ನಷ್ಟು. ಅದೇ ಟ್ರ್ಯಾಕ್ಟರ್, ಅದೇ ಭಾರ, ಅದೇ ಚಾಲಕ. ಒಂದು ಗೇರ್ ಕೆಳಗೆ ಹಾಕಿ ಎತ್ತಿದ್ದರೆ ಪ್ಲೇಟಿಗೆ ಬೀಳುವ ಬೆಂಕಿ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಒಮ್ಮೆ ಹೀಗಾದರೆ ಫ್ಲೈವೀಲಿನ ದಪ್ಪ ಎರಕದ ಕಬ್ಬಿಣ ಶಾಖವನ್ನು ನುಂಗಿಕೊಂಡು ಆರುತ್ತದೆ. ಆದರೆ ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಅಂಗಳದ ಸಾಲು ಹೇಗಿರುತ್ತದೆಂದು ಬಲ್ಲವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗು, ನಿಲ್ಲು. ಮತ್ತೆ ಹತ್ತು ಹೆಜ್ಜೆ, ನಿಲ್ಲು. ತುಂಬಿದ ಭಾರದೊಂದಿಗೆ ಅರ್ಧ ಕ್ಲಚ್ಚಿನ ಮೇಲೆ ತೆವಳುವ ಈ ಸಾಲು, ಹೊಲದಿಂದ ಕಾರ್ಖಾನೆಯವರೆಗಿನ ಇಡೀ ದಾರಿಗಿಂತ ಹೆಚ್ಚು ಲೈನಿಂಗ್ ತಿನ್ನಬಲ್ಲದು. ಮೇಲ್ಮೈ ಆರಲು ಬಿಡುವೇ ಸಿಗದೆ ಫ್ಲೈವೀಲಿನ ಮೇಲೆ ನೀಲಿ ಕಲೆಗಳು ಮೂಡುತ್ತವೆ, ಕೂದಲೆಳೆ ಬಿರುಕು ಏಳುತ್ತದೆ, ಲೈನಿಂಗ್ ಗಾಜಿನಂತೆ ಹೊಳಪೇರಿ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಹೊಸ ಪ್ಲೇಟ್ ಹಾಕಿಸಿಯೂ ಒಂದೇ ಹಂಗಾಮಿನಲ್ಲಿ ಮತ್ತೆ ಸುಟ್ಟಿತೆಂದು ದೂರುವವರು ಪ್ಲೇಟಿನ ಕಂಪನಿಯನ್ನು ಬೈಯುವ ಮೊದಲು ಗೇರನ್ನೂ ಸಾಲನ್ನೂ ನೆನೆಯಬೇಕು.

ದುಡಿದು ಕೆಟ್ಟ ಕ್ಲಚ್ಚಿನ ಮಾತಾಯಿತು. ನಿಂತು ಕೆಟ್ಟ ಕ್ಲಚ್ಚಿನ ಕಥೆ ಬೇರೆ, ಮತ್ತು ಹಿತ್ತಲಿನ ಟ್ರ್ಯಾಕ್ಟರುಗಳ ವಿಷಯದಲ್ಲಿ ಅದೇ ಮುಖ್ಯ. ಟ್ರ್ಯಾಕ್ಟರನ್ನು ಒಂದೆರಡು ಮಳೆಗಾಲ ಹಾಗೇ ಬಿಟ್ಟರೆ ಫ್ಲೈವೀಲಿನ ಬರಿಯ ಕಬ್ಬಿಣಕ್ಕೆ ತುಕ್ಕು ಏಳುತ್ತದೆ. ಸ್ಪ್ರಿಂಗಿನ ಒತ್ತಡದಲ್ಲಿ ಸಿಕ್ಕ ಪ್ಲೇಟ್ ಆ ತುಕ್ಕಿನೊಂದಿಗೆ ಅಂಟಿಕೊಳ್ಳುತ್ತದೆ. ಪೆಡಲ್ ಎಷ್ಟು ಒತ್ತಿದರೂ ಪ್ಲೇಟ್ ಬಿಡುವುದಿಲ್ಲ, ಗೇರ್ ಕರಕರ ಎಂದು ಹಲ್ಲು ಕಡಿಯುತ್ತದೆ. ಗೇರ್‌ಬಾಕ್ಸೇ ಹೋಗಿದೆ ಎಂದು ಮನೆಯವರು ಕೈಬಿಡುವುದು ಇಲ್ಲಿಯೇ. ಹಿಡಕಲ್ ಕೆಳಗಿನ ಊರುಗಳಿಗೆ ಇದರ ಮೇಲೆ ನೆರೆಯ ಪೆಟ್ಟೂ ಇದೆ. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ, ಮತ್ತೆ 2024ರ ಜುಲೈನಲ್ಲಿ ಘಟಪ್ರಭಾ ಉಕ್ಕಿ ಗೋಕಾಕಕ್ಕೂ ದಂಡೆಯ ಹಳ್ಳಿಗಳಿಗೂ ನುಗ್ಗಿತು. ಕ್ಲಚ್ ಹೌಸಿಂಗಿನ ತಳದಲ್ಲಿ ನೀರು, ಎಣ್ಣೆ ಹೊರಗೆ ಹೋಗಲೆಂದು ಒಂದು ಸಣ್ಣ ತೂತು ಇರುತ್ತದೆ. ಟ್ರ್ಯಾಕ್ಟರ್ ಮುಳುಗಿದಾಗ ಹೊಳೆಯ ನೀರು ಅದೇ ತೂತಿನಿಂದ ಒಳಗೆ ಬರುತ್ತದೆ, ರೇವೆ ಮಣ್ಣು ಒಳಗೇ ಉಳಿದು ತೂತನ್ನು ಮುಚ್ಚುತ್ತದೆ. ನೆರೆ ಇಳಿದ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ಎಣ್ಣೆ ಬದಲಿಸುವುದು ಎಲ್ಲರಿಗೂ ಗೊತ್ತು. ಆ ತೂತು ಬಿಡಿಸಿ ಒಳಗಿನ ಕೆಸರು ತೆಗೆಯುವುದು ಮರೆತುಹೋಗುತ್ತದೆ, ಕ್ಲಚ್ ಒಳಗೊಳಗೇ ಕೊಳೆಯುತ್ತದೆ.

ಹೀಗೆ ಅಂಟಿದ ಕ್ಲಚ್ಚಿಗೆ ಮೊದಲ ಮದ್ದು ಟ್ರ್ಯಾಕ್ಟರ್ ಬಿಚ್ಚುವುದಲ್ಲ. ಪೆಡಲನ್ನು ಪೂರ್ತಿ ಒತ್ತಿ, ಕಟ್ಟಿಗೆಯ ತುಂಡು ಕೊಟ್ಟು ಕೆಲವು ದಿನ ಹಾಗೇ ಬಿಟ್ಟರೆ ಸ್ಪ್ರಿಂಗಿನ ಒತ್ತಡ ತೆಗೆದ ಪ್ಲೇಟ್ ತಾನೇ ಬಿಡುವುದುಂಟು. ಬಿಡದಿದ್ದರೆ ಅನುಭವಿ ಮಿಸ್ತ್ರಿಗಳು ವಿಶಾಲವಾದ, ಸಮತಟ್ಟಾದ ಹೊಲದಲ್ಲಿ, ಎಂಜಿನ್ ಬಿಸಿಯಾದ ಮೇಲೆ, ಪೆಡಲ್ ಒತ್ತಿಹಿಡಿದೇ ಗೇರಿನಲ್ಲಿ ಗಾಡಿ ಓಡಿಸಿ ಎರಡೂ ಬ್ರೇಕು ಒಟ್ಟಿಗೆ ಹಾಕಿ ಆ ಪೆಟ್ಟಿಗೆ ಪ್ಲೇಟ್ ಬಿಡಿಸುತ್ತಾರೆ. ಬ್ರೇಕು ಗಟ್ಟಿಯಿಲ್ಲದ ಗಾಡಿಯಲ್ಲಿ, ಮುಂದೆ ಗೋಡೆ, ಬಾವಿ, ಕಾಲುವೆ, ಮಕ್ಕಳು ಇರುವಲ್ಲಿ ಇದನ್ನು ಮಾಡಲೇಬಾರದು. ಕ್ಲಚ್ ಬಿಡದ ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ಸ್ಟಾರ್ಟ್ ಆದ ಕ್ಷಣವೇ ಮುಂದಕ್ಕೆ ಹೊರಡುತ್ತದೆ ಎಂಬುದನ್ನು ಮರೆತವರ ಮೇಲೆ ಅದು ಹಾಯ್ದೀತು. ಕೆಲವರು ಅಂಟಿದ್ದು ಬಿಡಲಿ ಎಂದು ಹೌಸಿಂಗಿನೊಳಗೆ ಡೀಸೆಲ್, ಸೀಮೆಎಣ್ಣೆ ಸುರಿಯುತ್ತಾರೆ. ಅಂಟು ಬಿಡುತ್ತದೆ, ಆದರೆ ಲೈನಿಂಗ್ ಎಣ್ಣೆ ಕುಡಿದು ಆ ಕ್ಲಚ್ ಮತ್ತೆ ಎಂದೂ ಹಿಡಿಯುವುದಿಲ್ಲ. ಇಷ್ಟಕ್ಕೂ ಇದೆಲ್ಲ ತಪ್ಪಿಸುವ ದಾರಿ ಸರಳ: ಬಹಳ ದಿನ ನಿಲ್ಲಿಸುವ ಟ್ರ್ಯಾಕ್ಟರಿನ ಪೆಡಲನ್ನು ಒತ್ತಿ ಕಟ್ಟಿ ನಿಲ್ಲಿಸಿ ಎಂದು ಕಂಪನಿಗಳ ಕೈಪಿಡಿಗಳಲ್ಲೇ ಬರೆದಿರುತ್ತದೆ.

ಬಿಚ್ಚಲೇಬೇಕಾದಾಗ ಮಾತ್ರ ಕೆಲಸ ದೊಡ್ಡದು. ಲಾರಿ, ಜೀಪಿಗೆ ಇರುವಂತೆ ಟ್ರ್ಯಾಕ್ಟರಿಗೆ ಬೇರೆ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಒಂದಕ್ಕೊಂದು ಬೋಲ್ಟಿನಿಂದ ಬಿಗಿದು ಅವೇ ಅದರ ಬೆನ್ನುಮೂಳೆಯಾಗಿರುತ್ತವೆ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಈ ವಿನ್ಯಾಸವನ್ನು ಜಗತ್ತಿಗೆಲ್ಲ ಹಬ್ಬಿಸಿತು. ನಮ್ಮ ಮೆಸ್ಸಿ, ಮಹೀಂದ್ರ, ಎಚ್‌ಎಂಟಿ ಎಲ್ಲವೂ ಆ ವಂಶದವೇ. ಹಾಗಾಗಿ ಕ್ಲಚ್ ಪ್ಲೇಟ್ ಒಂದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವಿನಿಂದಲೇ ಎರಡು ತುಂಡು ಮಾಡಬೇಕು. ಬಾನೆಟ್, ಬ್ಯಾಟರಿ, ವೈರಿಂಗ್, ಡೀಸೆಲ್ ಪೈಪು, ಸ್ಟೀರಿಂಗಿನ ಕೊಂಡಿ ಬಿಚ್ಚಿ, ಮುಂದಿನ ಆ್ಯಕ್ಸಲ್ ತೂಗದಂತೆ ಎರಡೂ ಬದಿ ಕಟ್ಟಿಗೆಯ ಬೆಣೆ ಬಡಿದು, ಎರಡೂ ತುಂಡಿಗೆ ಬಲವಾದ ಸ್ಟ್ಯಾಂಡ್ ಕೊಟ್ಟು ಆಮೇಲೆ ಬೋಲ್ಟು ತೆಗೆಯಬೇಕು. ಬರೀ ಜಾಕಿನ ಮೇಲೆ, ಇಟ್ಟಿಗೆಯ ಮೇಲೆ ನಿಲ್ಲಿಸಿ ಕೆಳಗೆ ಕೈ ಹಾಕುವುದು ಪ್ರಾಣದೊಂದಿಗೆ ಆಟ. ನನ್ನ ವಾದದ ತಿರುಳು ಈ ಹಂತದಲ್ಲಿದೆ. ರಿಪೇರಿಯ ಶ್ರಮದ ಬಹುಪಾಲು ಬಿಚ್ಚುವುದರಲ್ಲಿ ಮತ್ತು ಕೂಡಿಸುವುದರಲ್ಲಿ ಹೋಗುತ್ತದೆ, ಒಳಗಿನ ಭಾಗ ಬದಲಿಸುವುದರಲ್ಲಿ ಅಲ್ಲ. ಇಷ್ಟು ಶ್ರಮಪಟ್ಟು ಒಳಗೆ ಹೋದ ಮೇಲೆ ಪ್ಲೇಟ್ ಒಂದನ್ನೇ ಬದಲಿಸಿ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಹಳೆಯ ರಿಲೀಸ್ ಬೇರಿಂಗನ್ನು ಇನ್ನೂ ನಡೆಯುತ್ತದೆ ಎಂದು ಉಳಿಸುವುದು ಉಳಿತಾಯವೇ ಅಲ್ಲ. ಆ ಬೇರಿಂಗ್ ಮುಂದಿನ ಹಂಗಾಮಿನ ನಡುವೆ ಕೂಗತೊಡಗಿದರೆ ಇಡೀ ಟ್ರ್ಯಾಕ್ಟರನ್ನು ಮತ್ತೆ ತುಂಡು ಮಾಡಬೇಕು, ಅದೂ ಕಬ್ಬಿನ ಗ್ಯಾಂಗು ಹೊಲದಲ್ಲಿ ಕಾಯುತ್ತಿರುವಾಗ.

ಪೂರಾ ಕೆಲಸ ಎಂದರೇನು? ಮೊದಲಿಗೆ ಎಣ್ಣೆಯ ಜಾಡು. ಹೌಸಿಂಗಿನೊಳಗೆ ಕಂಡ ಎಣ್ಣೆ ಕಪ್ಪಾಗಿದ್ದರೆ ಅದು ಕ್ರ್ಯಾಂಕಿನ ಹಿಂದಿನ ಸೀಲಿನಿಂದ ಬಂದ ಎಂಜಿನ್ ಎಣ್ಣೆ. ತಿಳಿಯಾಗಿ, ಹಳದಿ ಕಂದು ಬಣ್ಣದ್ದಾಗಿದ್ದರೆ ಗೇರ್‌ಬಾಕ್ಸಿನ ಶಾಫ್ಟಿನ ಸೀಲ್ ಸೋರಿದೆ. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಹೊಸದಕ್ಕೂ ಅದೇ ಎಣ್ಣೆ. ಎರಡನೆಯದು ಫ್ಲೈವೀಲ್. ಲೈನಿಂಗ್ ರಿವೆಟಿನವರೆಗೆ ಸವೆದು, ರಿವೆಟಿನ ತಲೆ ಗೀರಿದ ಕಾಲುವೆಗಳು ಅದರ ಮೇಲಿದ್ದರೆ ಲೇಥಿಗೆ ಹಾಕಿಸಿ ಮುಖ ಸಮ ಮಾಡಿಸಲೇಬೇಕು. ಗೀರು ಬಿದ್ದ ಫ್ಲೈವೀಲ್ ಹೊಸ ಲೈನಿಂಗನ್ನು ಅರದಂತೆ ಉಜ್ಜಿ ತಿನ್ನುತ್ತದೆ. ಬಿರುಕು ಆಳಕ್ಕಿಳಿದಿದ್ದರೆ ಫ್ಲೈವೀಲನ್ನೇ ಬದಲಿಸಬೇಕು. ಅಷ್ಟು ವೇಗದಲ್ಲಿ ತಿರುಗುವ ಕಬ್ಬಿಣ ಒಡೆದರೆ ಹೌಸಿಂಗ್ ತಡೆಯಲಾರದು. ಬಳಿಕ ಪ್ರೆಶರ್ ಪ್ಲೇಟ್: ಸ್ಪ್ರಿಂಗಿನ ಬಲ, ಮುಖದ ಸಮತೆ, ಅದನ್ನು ಎತ್ತಿ ಬಿಡಿಸುವ ಫಿಂಗರುಗಳ ಎತ್ತರ. ಮೂರು ಫಿಂಗರುಗಳಲ್ಲಿ ಒಂದು ಮೇಲೆ ಒಂದು ಕೆಳಗೆ ಇದ್ದರೆ ಪ್ಲೇಟ್ ಓರೆಯಾಗಿ ಬಿಡುತ್ತದೆ, ಗಾಡಿ ಎತ್ತುವಾಗ ಗಡಗಡ ನಡುಗುತ್ತದೆ. ರಿಲೀಸ್ ಬೇರಿಂಗೂ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗೂ ಬೆಲೆಯಲ್ಲಿ ಚಿಕ್ಕವು. ಅವನ್ನು ಪರೀಕ್ಷಿಸುತ್ತ ಕೂರದೆ ಬದಲಿಸಿಬಿಡುವುದೇ ಒಳ್ಳೆಯದು. ಪ್ಲೇಟನ್ನು ಕೂಡಿಸುವಾಗ ಹಳೆಯ ಗೇರ್ ಶಾಫ್ಟಿನ ತುಂಡನ್ನು ನಡುವೆ ತೂರಿಸಿ ಕೇಂದ್ರ ಹಿಡಿಯುವ ನಮ್ಮ ಮಿಸ್ತ್ರಿಗಳ ಪದ್ಧತಿ ಸರಿಯಾದದ್ದೇ. ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆಗೆ ಎಂಬುದನ್ನು ನೋಡಿ ಹಾಕಬೇಕು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಹಲ್ಲಿನ ಶಾಫ್ಟಿಗೆ ಗ್ರೀಸನ್ನು ಸವರಿದಂತೆ ಮಾತ್ರ ಹಚ್ಚಬೇಕು. ಹೆಚ್ಚಾದ ಗ್ರೀಸ್ ಲೈನಿಂಗಿಗೆ ಹಾರುತ್ತದೆ. ಪಿಟಿಒಗೆ, ಅಂದರೆ ಹಿಂದಿನ ಸಾಧನ ತಿರುಗಿಸುವ ಶಾಫ್ಟಿಗೆ, ಬೇರೆ ಪ್ಲೇಟ್ ಇರುವ ಡಬಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಎರಡೂ ಪ್ಲೇಟುಗಳನ್ನು ಒಟ್ಟಿಗೇ ನೋಡಬೇಕು. ಕೊನೆಗೆ ಪೆಡಲಿನ ಫ್ರೀ ಪ್ಲೇ, ಅಂದರೆ ಬೇರಿಂಗ್ ಫಿಂಗರಿಗೆ ತಾಗುವ ಮೊದಲಿನ ಸಡಿಲು: ಬಹಳಷ್ಟು ಮಾದರಿಗಳಲ್ಲಿ ಅದು ಸುಮಾರು ಒಂದು ಇಂಚು, ನಿಖರ ಅಳತೆ ಆಯಾ ಕೈಪಿಡಿಯಲ್ಲಿದೆ. ಲೈನಿಂಗ್ ಸವೆದಂತೆ ಈ ಸಡಿಲು ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ. ಪೂರ್ತಿ ಹೋದರೆ ಬೇರಿಂಗ್ ಸದಾ ಫಿಂಗರುಗಳನ್ನು ಒತ್ತಿರುತ್ತದೆ; ಯಾರೂ ಮುಟ್ಟದೆಯೂ ಕ್ಲಚ್ ಅರ್ಧ ಬಿಟ್ಟಂತೆ ಇರುತ್ತದೆ, ಹಗಲಿಡೀ ಜಾರುತ್ತದೆ. ಒಂದು ಸ್ಪ್ಯಾನರ್, ಹತ್ತು ನಿಮಿಷ ಸಾಕಾಗುವ ಕೆಲಸವನ್ನು ಮಾಡದ ಕಾರಣಕ್ಕೆ ಟ್ರ್ಯಾಕ್ಟರ್ ಎರಡು ತುಂಡಾಗುವ ಸ್ಥಿತಿಗೆ ಬರುತ್ತದೆ ಎಂಬುದು ನಿಜಕ್ಕೂ ಬೇಸರ ತರುವ ಸಂಗತಿ. ಇನ್ನೊಂದು ಮಾತು ಕೆಲಸ ಮಾಡುವ ಹುಡುಗರ ಎದೆಗೂಡಿನದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಕಲ್ನಾರಿನ ಧೂಳು ಕ್ಯಾನ್ಸರ್ ತರುತ್ತದೆ ಎಂಬುದು ಸಿದ್ಧವಾದ ವಿಷಯ. ಕಂಪ್ರೆಸರ್ ಗಾಳಿಯಿಂದ ಆ ಧೂಳು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಮೂಗು ಬಾಯಿಗೆ ಮಾಸ್ಕ್ ಬೇಕು. ಗ್ಯಾರೇಜಿನ ಮಾಲೀಕರು ಇದನ್ನು ಕಡ್ಡಾಯ ಮಾಡಬೇಕು.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಹಳೆಯ ಗಾಡಿಗೆ ಸಾಮಾನು ಎಲ್ಲಿ ಸಿಗುತ್ತದೆ ಎಂಬುದು ಮೊದಲನೆಯದು. ಎಚ್‌ಎಂಟಿಯನ್ನೇ ನೋಡಿ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಆ ಸಂಸ್ಥೆ 1971ರಲ್ಲಿ ಜೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನದಿಂದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು. 2016ರಲ್ಲಿ ಕೇಂದ್ರ ಸಂಪುಟ ಆ ವಿಭಾಗ ಮುಚ್ಚಲು ಒಪ್ಪಿತು. ಆ ವಿಭಾಗವೇ ಇಲ್ಲದ ಮೇಲೆ ಅದರ ಟ್ರ್ಯಾಕ್ಟರ್ ಇಟ್ಟುಕೊಂಡವರ ಗತಿಯೇನು ಎಂಬ ಪ್ರಶ್ನೆ ಸಹಜ. ಆದರೆ ಕ್ಲಚ್ಚಿನ ಮಟ್ಟಿಗೆ ಈ ಭಯ ಅತಿಯಾದದ್ದು. ಟ್ರ್ಯಾಕ್ಟರ್ ಕಂಪನಿಗಳಿಗೆ ಬೇರೆ ತಯಾರಕರೇ ಕ್ಲಚ್ ಮಾಡಿಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಹೊಸೂರಿನ ಲುಕ್ ಕಾರ್ಖಾನೆ ಅಂಥದ್ದು. ಅಳತೆಗೆ ಸಿದ್ಧ ಪ್ಲೇಟ್ ಸಿಗದಿದ್ದರೂ ಹಳೆಯ ಪ್ಲೇಟಿಗೆ ಹೊಸ ಲೈನಿಂಗ್ ರಿವೆಟ್ ಹೊಡೆಸಬಹುದು. ಫ್ಲೈವೀಲಿನ ಕೆಲಸಕ್ಕೆ ಫೌಂಡ್ರಿಗೂ ಲೇಥಿಗೂ ಹೆಸರಾದ ಬೆಳಗಾವಿ ಒಂದು ಕಡೆ, ಕೊಲ್ಹಾಪುರ ಇನ್ನೊಂದು ಕಡೆ. ಸಂಕೇಶ್ವರ ಈ ಎರಡರ ನಡುವಿನ ಹೆದ್ದಾರಿಯ ಮೇಲೆಯೇ ಇದೆ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಕ್ಲಚ್ ಮತ್ತು ಅದರ ಭಾಗಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ.

ಅದೇ ದಿನ ಹೊಸ ಟ್ರ್ಯಾಕ್ಟರಿನ ಮೇಲಿನ ತೆರಿಗೆಯೂ ಶೇ 12ರಿಂದ ಶೇ 5ಕ್ಕೆ ಇಳಿಯಿತಲ್ಲ, ಹೊಸದನ್ನೇ ಏಕೆ ಕೊಳ್ಳಬಾರದು ಎಂದು ಕೇಳುವವರಿದ್ದಾರೆ. ವರ್ಷವಿಡೀ ಬಾಡಿಗೆಗೆ ದುಡಿಸುವವರು, ಹಂಗಾಮಿನಲ್ಲಿ ಹಗಲಿರುಳು ಕಬ್ಬು ಹೊರುವವರು ಖಂಡಿತ ಹೊಸದನ್ನು ಕೊಳ್ಳಲಿ. ಅವರಿಗೆ ಹಳೆಯ ಟ್ರ್ಯಾಕ್ಟರ್ ಹಚ್ಚುವುದು ತರವಲ್ಲ. ಆದರೆ ನಾಲ್ಕೆಂಟು ಎಕರೆಯ ರೈತನಿಗೆ ಬೇಕಾದ್ದು ರಂಟೆ, ಕುಂಟೆ, ಮೇವು ತರುವುದು, ಗೊಬ್ಬರ ಹೊರುವುದು, ನೀರಿನ ಟ್ಯಾಂಕರ್ ಎಳೆಯುವುದು. ವರ್ಷಕ್ಕೆ ಕೆಲವೇ ದಿನ ಓಡುವ ಗಾಡಿಗಾಗಿ ಹಲವು ಲಕ್ಷ ಸಾಲ ತಂದು, ಕಬ್ಬಿನ ಬಿಲ್ ಬಂದಾಗ ಕಂತು ಕಟ್ಟುತ್ತೇನೆಂದು ನಂಬುವವರಿಗೆ ಬಿಲ್ ಬಾಕಿ ಉಳಿದ ವರ್ಷ ಏನಾಗುತ್ತದೆಂಬುದು ಈ ಸೀಮೆಗೆ ಹೊಸ ಪಾಠವಲ್ಲ. ಬಾಡಿಗೆ ಟ್ರ್ಯಾಕ್ಟರ್ ಇದೆ, 2014ರಿಂದ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ ಎಂಬ ಮಾತೂ ನಿಜ. ಅವು ಒಳ್ಳೆಯ ಏರ್ಪಾಡು. ಆದರೆ ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನ ಊರಿಗೆಲ್ಲ ಅದೇ ದಿನ ಹದ. ಹಿತ್ತಲಲ್ಲಿ ನಡೆಯುವ ಟ್ರ್ಯಾಕ್ಟರ್ ಇದ್ದವನು ಆ ದಿನ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

ಹತ್ತು ವರ್ಷ ದಾಟಿದ್ದನ್ನು ಸರ್ಕಾರ ಹೇಗೂ ಗುಜರಿಗೆ ಹಾಕಿಸುತ್ತದೆ ಎಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡಿ ಬಹಳ ರೈತರನ್ನು ಹೆದರಿಸಿದೆ. ಇದು ಸುಳ್ಳು. ಕೃಷಿ ಟ್ರ್ಯಾಕ್ಟರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಎಂದು ಕೇಂದ್ರ ಸಾರಿಗೆ ಸಚಿವಾಲಯ 2023ರಲ್ಲಿ ಸ್ಪಷ್ಟಪಡಿಸಿದೆ. ಹೊಗೆಯ ಆಕ್ಷೇಪ ಮಾತ್ರ ನಿಜವಾದದ್ದು. ಹಳೆಯ ಡೀಸೆಲ್ ಎಂಜಿನ್ ಹೊಸದಕ್ಕಿಂತ ಹೆಚ್ಚು ಹೊಗೆ ಬಿಡುತ್ತದೆ, ಅದನ್ನು ಒಪ್ಪಲೇಬೇಕು. ಅದಕ್ಕೇ ಹಳೆಯದನ್ನು ಹಗುರ ಕೆಲಸಕ್ಕೆ, ಕಡಿಮೆ ಗಂಟೆಗೆ ಮೀಸಲಿಡಬೇಕೆಂದು ಹೇಳುತ್ತಿದ್ದೇನೆ. ಜಾರುವ ಕ್ಲಚ್ ಎಂಜಿನ್ ಸುತ್ತು ಏರಿಸಿ ಡೀಸೆಲನ್ನು ವ್ಯರ್ಥ ಸುಡುತ್ತದೆ ಎಂಬುದೂ ಇದೇ ಲೆಕ್ಕಕ್ಕೆ ಸೇರಬೇಕು. ಮತ್ತು ಎಂಜಿನ್ ಕಂಪ್ರೆಶನ್ ಹೋಗಿ, ಗೇರ್‌ಬಾಕ್ಸ್ ಹಲ್ಲು ಮುರಿದು, ಹೈಡ್ರಾಲಿಕ್ ಎತ್ತದ ಗಾಡಿಗೆ ಹೊಸ ಕ್ಲಚ್ ಹಾಕಿಸಿ ಎಂದು ಯಾರೂ ಹೇಳಬಾರದು. ಬಿಚ್ಚುವ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿ ಹೊಗೆಯ ಬಣ್ಣ, ಎಣ್ಣೆಯ ಒತ್ತಡ ನೋಡಿ, ಗೇರಿನ ಸದ್ದು ಕೇಳಿ ನಿರ್ಧರಿಸಬಲ್ಲ ಮಿಸ್ತ್ರಿಯನ್ನು ಕರೆಸಬೇಕು. ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ತರಬೇತಿ ಪಡೆದ ಹುಡುಗರಿಗೂ ಗ್ಯಾರೇಜಿನ ಹಿರಿಯ ಮಿಸ್ತ್ರಿಗಳಿಗೂ ಇಂಥ ಕೆಲಸ ಒಟ್ಟಿಗೆ ಸಿಕ್ಕರೆ ಕೈಕೆಲಸವೂ ಊರಲ್ಲೇ ಉಳಿಯುತ್ತದೆ.

ಕಾರ್ಖಾನೆಗಳು ಬಾಯ್ಲರ್ ಆರಿಸಿದ ಮೇಲೆ, ಮುಂಗಾರಿನ ಮೊದಲ ಮಳೆಗೆ ಮುಂಚೆ ಈ ಕೆಲಸಕ್ಕೆ ಬಿಡುವಿನ ವಾರಗಳಿವೆ; ಗ್ಯಾರೇಜುಗಳಲ್ಲೂ ಆಗ ನೂಕುನುಗ್ಗಲು ಕಡಿಮೆ. ಹಿತ್ತಲಿನ ಟ್ರ್ಯಾಕ್ಟರನ್ನು ಗುಜರಿಯವನಿಗೆ ತೋರಿಸುವ ಮೊದಲು ಅದರ ಕ್ಲಚ್ ಹೌಸಿಂಗಿನ ತಳದ ತೂತನ್ನು ತಂತಿಯಿಂದ ಬಿಡಿಸಿ ಏನು ಇಳಿಯುತ್ತದೆ ನೋಡಿ, ಪೆಡಲಿನ ಸಡಿಲು ಅಳೆಯಿರಿ, ಆಮೇಲೆ ಒಬ್ಬ ಮಿಸ್ತ್ರಿಗೆ ಹೇಳಿಕಳಿಸಿ.